ಮಾಡ್ಯೂಲ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ

ಯಂತ್ರದ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿದ್ದುಕೊಂಡು ಸೆನ್ಸರ್‌ಗಳ ಸ್ಥಿತಿಯನ್ನು ಪಿಎಲ್‌ಸಿಗೆ (ಯಂತ್ರವನ್ನು ನಡೆಸುವ ಕೈಗಾರಿಕಾ ಕಂಪ್ಯೂಟರಿಗೆ) ತಿಳಿಸುವ, ಅದರ ಆದೇಶವನ್ನು ವಾಲ್ವ್‌ಗಳಿಗೆ ತಲುಪಿಸುವ ರಿಮೋಟ್ ಐಒ ಮಾಡ್ಯೂಲ್ ಕೈಕೊಟ್ಟಿತೆಂದರೆ, ನಾವು ಮೊದಲು ಅನುಮಾನಿಸುವುದು ಮಾಡ್ಯೂಲನ್ನೇ. ನನ್ನ ಅನುಭವದಲ್ಲಿ ದೋಷ ಹೆಚ್ಚಾಗಿ ಸಿಕ್ಕಿರುವುದು ಅದಕ್ಕೆ ಸೇರುವ ತಂತಿಗಳಲ್ಲಿ.

ನಾನು ನೋಡಿಕೊಳ್ಳುತ್ತಿದ್ದ ಒಂದು ಲೈನಿನಲ್ಲಿ, ಕೊನೆಯ ಪೆಟ್ಟಿಗೆಯ ಮಾಡ್ಯೂಲ್ ಆಗಾಗ ಕೆಲವು ಸೆಕೆಂಡು ಸಂಪರ್ಕ ಕಳೆದುಕೊಂಡು ತಾನಾಗಿಯೇ ಮರಳುತ್ತಿತ್ತು. ಮಾಡ್ಯೂಲ್ ಬದಲಿಸಿದೆವು, ಕಮ್ಯುನಿಕೇಶನ್ ಕೇಬಲ್ ಬದಲಿಸಿದೆವು. ತೊಂದರೆ ಹಾಗೆಯೇ ಉಳಿಯಿತು. ಮೂರನೆಯ ದಿನ ಮಲ್ಟಿಮೀಟರಿನ ಕಡ್ಡಿಗಳನ್ನು ಮಾಡ್ಯೂಲಿನ ಸಪ್ಲೈ ಟರ್ಮಿನಲ್ಲಿಗೇ ಹಿಡಿದು ಕಾದೆ. ಯಂತ್ರ ಸುಮ್ಮನಿದ್ದಾಗ 23.5 ವೋಲ್ಟ್ ಇದ್ದದ್ದು, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳೆಲ್ಲ ಒಟ್ಟಿಗೆ ಕರೆಂಟ್ ಎಳೆದ ಕ್ಷಣ 19ರ ಆಸುಪಾಸಿಗೆ ಕುಸಿಯಿತು. ಲೆಕ್ಕ ಸರಳವಾಗಿತ್ತು: 1.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. 100 ಮೀಟರ್ ದೂರಕ್ಕೆ ಹೋಗಿ ಬರುವ ದಾರಿ 200 ಮೀಟರ್, ಅಂದರೆ 2.4 ಓಮ್, 2 ಆಂಪಿಯರ್ ಹರಿದರೆ ದಾರಿಯಲ್ಲೇ 4.8 ವೋಲ್ಟ್ ನಷ್ಟ. ಪಿಎಲ್‌ಸಿ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61131-2ರಂತೆ 24 ವೋಲ್ಟಿನ ಸಪ್ಲೈ 20.4ಕ್ಕಿಂತ ಕೆಳಗಿಳಿಯಬಾರದು. ವಾಲ್ವ್‌ಗಳಿಗೆ ದಪ್ಪ ಕೇಬಲ್ಲನ್ನೂ ಮಾಡ್ಯೂಲಿನ ಎಲೆಕ್ಟ್ರಾನಿಕ್ಸಿಗೆ ಪ್ರತ್ಯೇಕ ಜೋಡಿ ತಂತಿಯನ್ನೂ ಎಳೆದ ಮೇಲೆ ತೊಂದರೆ ನಿಂತಿತು. ಈ ಎರಡು ಸಪ್ಲೈಗಳನ್ನು ಬೇರೆಬೇರೆಯಾಗಿ ಕೊಡಲು ಎಷ್ಟೋ ಮಾಡ್ಯೂಲ್‌ಗಳಲ್ಲಿ ಟರ್ಮಿನಲ್ ಇದ್ದೇ ಇರುತ್ತದೆ. ಅವಸರದಲ್ಲಿ ಎರಡನ್ನೂ ಜಂಪರ್ (ತುಂಡು ತಂತಿ) ಹಾಕಿ ಜೋಡಿಸಿಬಿಡುವುದು ನಮ್ಮ ಕೆಟ್ಟ ಅಭ್ಯಾಸ.

ಆರ್‌ಎಸ್-485 ಎಂಬ ಜೋಡಿ ತಂತಿಯ ಸಂಪರ್ಕದ ಮೇಲೆ ನಡೆಯುವ ಮಾಡ್‌ಬಸ್ ಜಾಲದಲ್ಲೂ (ಉಪಕರಣಗಳು ಪರಸ್ಪರ ಮಾತಾಡುವ ಒಂದು ವಿಧಾನ) ಇಂಥದೇ ಒಂದು ಅಳತೆ ಬಹಳ ಕೆಲಸಕ್ಕೆ ಬರುತ್ತದೆ. ಸಂಕೇತ ತಂತಿಯ ತುದಿಯಿಂದ ಮರಳಿ ಪ್ರತಿಫಲಿಸದಂತೆ ಹಾಕುವ ಟರ್ಮಿನೇಶನ್ನಿನ 120 ಓಮ್ ರೆಸಿಸ್ಟರ್ ಜಾಲದ ಎರಡು ತುದಿಗಳಲ್ಲಿ ಮಾತ್ರ ಇರಬೇಕು. ಎಲ್ಲದರ ವಿದ್ಯುತ್ ತೆಗೆದು ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯದು ಇಲ್ಲ, 40 ಬಂದರೆ ನಡುವೆ ಯಾರೋ ಮೂರನೆಯದರ ಸ್ವಿಚ್ ಹಾಕಿದ್ದಾರೆ ಎಂದರ್ಥ.

ಸೆನ್ಸರಿನ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಿನ ರೂಪದಲ್ಲಿ ಪಡೆಯುವ ಅನಲಾಗ್ ಚಾನೆಲ್‌ಗಳಲ್ಲಿ 4 ಎಂದರೆ ಶೂನ್ಯ ಅಳತೆ, 0 ಎಂದರೆ ತಂತಿ ಕಡಿದಿದೆ. ಈ ವ್ಯತ್ಯಾಸವನ್ನು ಪ್ರೋಗ್ರಾಮ್ ಗುರುತಿಸದಿದ್ದರೆ ಖಾಲಿ ಟ್ಯಾಂಕೂ ಕಡಿದ ತಂತಿಯೂ ಪರದೆಯ ಮೇಲೆ ಒಂದೇ ಆಗಿ ಕಾಣುತ್ತವೆ. ಬೇಕಾದಷ್ಟೇ ಕರೆಂಟನ್ನು ನಿಖರವಾಗಿ ಕೊಡುವ ಕ್ಯಾಲಿಬ್ರೇಟರಿನಿಂದ 4, 12, 20 ಮಿಲಿಆಂಪಿಯರ್ ಕೊಟ್ಟು ಪರದೆಯಲ್ಲಿ 0, 50, 100 ಶೇಕಡಾ ಬರುವುದನ್ನು ನೋಡದೆ ನಾನು ಯಾವ ಚಾನೆಲನ್ನೂ ಒಪ್ಪುವುದಿಲ್ಲ.

ತಂತಿಯ ತುದಿಗೆ ಪಿನ್ ಲಗ್ (ಎಳೆಗಳನ್ನು ಹಿಡಿದಿಡುವ ಲೋಹದ ಪುಟ್ಟ ಕೊಳವೆ) ಹಾಕಿ ಒತ್ತಬೇಕು. ಬೆಸುಗೆಯ ಸೀಸ ಮೆತ್ತಿದ ತುದಿ ಸ್ಕ್ರೂವಿನ ಒತ್ತಡಕ್ಕೆ ದಿನಕಳೆದಂತೆ ಚಪ್ಪಟೆಯಾಗಿ ಸಡಿಲವಾಗುತ್ತದೆ. ಯಂತ್ರ ನಿಂತ ದಿನ ಪೆಟ್ಟಿಗೆ ತೆರೆದು, ಸಪ್ಲೈ ಆಫ್ ಮಾಡಿ, ಪ್ರತಿ ತಂತಿಯನ್ನೂ ಬೆರಳಿನಿಂದ ಮೆಲ್ಲಗೆ ಎಳೆದು ನೋಡುವುದು ನಾನು ಎಂದೂ ಬಿಡದ ಕೆಲಸ.

ಇನ್ನು, ಸಂಪರ್ಕ ಕಡಿದಾಗ ಔಟ್‌ಪುಟ್‌ಗಳು ಏನಾಗಬೇಕು ಎಂಬುದು ಯಂತ್ರ ಬಲ್ಲವರೊಡನೆ ಕೂತು ನಿರ್ಧರಿಸಬೇಕಾದ ಸಂಗತಿ. ಹೀಟರ್ ಆಫ್ ಆಗಲೇಬೇಕು. ತಂಪು ನೀರಿನ ಪಂಪು ಹಾಗೆಯೇ ಓಡುತ್ತಿರಬೇಕಾಗಬಹುದು. ಸೆಟ್ಟಿಂಗ್ ಬರೆದುಕೊಂಡರೆ ಸಾಲದು. ಹಸ್ತಾಂತರಕ್ಕೆ ಮುನ್ನ, ಸುತ್ತಮುತ್ತ ಯಾರೂ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ಕಮ್ಯುನಿಕೇಶನ್ ಕೇಬಲನ್ನು ಕೈಯಾರೆ ಕಿತ್ತು ಪ್ರತಿಯೊಂದು ಔಟ್‌ಪುಟ್ಟಿನ ದೀಪವನ್ನೂ ನೋಡಬೇಕು.