ಅಣ್ಣನ ರೂಮಿನ ಲೈಟು

ಜನವರಿ 19, 2025, ಭಾನುವಾರ, ರಾತ್ರಿ 11.40

ಅಣ್ಣ ಹೋಗಿ ಇವತ್ತಿಗೆ 39 ದಿನ. ಲೆಕ್ಕ ಇಡಬಾರದು ಅಂತ ದಿನಾ ಅಂದ್ಕೋತೀನಿ, ಆದ್ರೆ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಮೊದಲು ತಲೆಗೆ ಬರೋದೇ ಆ ನಂಬರು, ಆಮೇಲೆ ಉಳಿದಿದ್ದು. 36 ವಯಸ್ಸು ಅವನಿಗೆ. ಹಾರ್ಟು. ಅಷ್ಟೇ, ಅದರ ಬಗ್ಗೆ ಬರೆಯೋಕೆ ಇನ್ನೂ ಆಗ್ತಿಲ್ಲ.

ಅವನ ರೂಮಿನ ಲೈಟು ಅವತ್ತಿಂದ ಆರಿಲ್ಲ. ಅಮ್ಮ ಆರಿಸೋಕೆ ಬಿಡಲ್ಲ. ಅಪ್ಪನಿಗೆ ಮೊದಲಿಂದಲೂ ಖಾಲಿ ರೂಮಲ್ಲಿ ಲೈಟು ಫ್ಯಾನು ಓಡ್ತಾ ಇದ್ರೆ ಆಗಲ್ಲ, ನಾನೂ ಅಣ್ಣನೂ ಚಿಕ್ಕವರಿದ್ದಾಗ ಬೈಸ್ಕೊಂಡಿದ್ದರಲ್ಲಿ ಅರ್ಧ ಇದಕ್ಕೇ. ಎರಡನೇ ವಾರ ಒಂದು ರಾತ್ರಿ ಅಪ್ಪ ಎದ್ದು ಹೋಗಿ ಸ್ವಿಚ್ ಆಫ್ ಮಾಡಿದ್ರು, ಸ್ವಲ್ಪ ಹೊತ್ತಿಗೆ ಅಮ್ಮ ಎದ್ದು ಹೋಗಿ ಆನ್ ಮಾಡಿದ್ಲು, ಮತ್ತೆ ಆಫ್, ಮತ್ತೆ ಆನ್, ಇಬ್ರೂ ಒಂದು ಮಾತೂ ಆಡಲಿಲ್ಲ, ನಾನು ಹೊದ್ದುಕೊಂಡು ಮಲಗಿದ್ದಲ್ಲೇ ಆ ಟಕ್ ಟಕ್ ಸದ್ದು ಕೇಳ್ತಾ ಇದ್ದೆ. ಕೊನೆಗೆ ಗೆದ್ದಿದ್ದು ಅಮ್ಮನೇ. ಮಾರನೇ ದಿನ ಅಪ್ಪ "ಸುಮ್ನೆ ಉರಿಸಿ ಏನು ಬರುತ್ತೆ" ಅಂದ್ರು, ಅಮ್ಮ "ಆರಿಸಿ ಏನು ಬರುತ್ತೆ" ಅಂದ್ಲು. ಇಬ್ಬರ ಹತ್ರನೂ ಉತ್ತರ ಇರಲಿಲ್ಲ.

ಇನ್ನೊಂದು ನಿಂತು ಹೋಗಿದ್ದು ನಮ್ಮ ರಾತ್ರಿ ಪ್ರೇಯರು. ನಮ್ಮನೇಲಿ ಮಲಗೋ ಮುಂಚೆ ನಾಲ್ಕೂ ಜನ ಕೂತು ಒಬ್ಬೊಬ್ಬರು ಆ ದಿನದ ಒಂದು ಸ್ತೋತ್ರ, ಅಂದ್ರೆ ದೇವರಿಗೆ ಒಂದು ಥ್ಯಾಂಕ್ಸ್, ಹೇಳಬೇಕು, ಒಂದೇ ಒಂದು, ಉದ್ದ ಭಾಷಣ ಮಾಡೋ ಹಾಗಿಲ್ಲ. ಅಣ್ಣ ಯಾವಾಗಲೂ ತಮಾಷೆ ಮಾಡ್ತಿದ್ದ, "ಇವತ್ತು ಇವಳು ನನ್ನ ಚಾರ್ಜರ್ ವಾಪಸ್ ಕೊಟ್ಟಳು, ದೇವರಿಗೆ ಸ್ತೋತ್ರ" ಅಂತ. ಡಿಸೆಂಬರ್ 11 ಆದಮೇಲೆ ಒಂದು ದಿನವೂ ಕೂತಿಲ್ಲ. ಕೂತ್ರೆ ಅವನ ಸರದಿ ಬಂದಾಗ ಏನು ಮಾಡೋದು, ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಎಲ್ಲರಿಗೂ ಅದೇ ಭಯ.

ಜನ ಬಂದ್ರು, ತುಂಬಾ ಜನ. ಪ್ರೀತಿಯಿಂದನೇ ಬಂದ್ರು, ಅದರಲ್ಲಿ ಡೌಟಿಲ್ಲ, ಆದ್ರೆ ಮಾತು. "ದೇವರ ಚಿತ್ತ ಕಣಮ್ಮ", "ಎಲ್ಲಾ ಒಳ್ಳೇದಕ್ಕೇ", "ಅಳಬಾರದು, ನಾವು ವಿಶ್ವಾಸಿಗಳು". ಈ ಕೊನೇದನ್ನ ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಬೈಬಲಲ್ಲಿ ಪೌಲ ಥೆಸಲೋನಿಕದ ಸಭೆಯವರಿಗೆ ಪತ್ರದಲ್ಲಿ ಬರೆದದ್ದು ಅಳಬೇಡಿ ಅಂತ ಅಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ. ದುಃಖ ಇದ್ದೇ ಇರುತ್ತೆ, ಬಗೆ ಬೇರೆ ಅಷ್ಟೇ. ಬೈಬಲಲ್ಲಿ ಮಕ್ಕಳನ್ನೂ ಎಲ್ಲವನ್ನೂ ಕಳ್ಕೊಂಡ ಯೋಬನ ಸ್ನೇಹಿತರನ್ನ ಎಲ್ಲರೂ ಬೈತಾರೆ, ಆದ್ರೆ ಅವರು ಮೊದಲು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ರು, ಒಂದು ಮಾತೂ ಆಡದೆ. ಬಾಯಿ ತೆಗೆದ ಮೇಲೇ ಎಲ್ಲಾ ಹಾಳಾಗಿದ್ದು. ನಮ್ಮನೆಗೆ ಬಂದವರಲ್ಲಿ ಏಳು ನಿಮಿಷ ಸುಮ್ನಿದ್ದವರು ಕಡಿಮೆ.

ಒಬ್ಬರಂತೂ ಅಮ್ಮನ ಕೈ ಹಿಡ್ಕೊಂಡು ಮೆಲ್ಲಗೆ ಕೇಳಿದ್ರು, "ಮಗನಿಗೆ ರಕ್ಷಣೆ ಆಗಿತ್ತಾ?" ಅಂದ್ರೆ ಯೇಸುವನ್ನ ನಂಬಿದ್ದನಾ, ಸ್ವರ್ಗಕ್ಕೆ ಹೋದನಾ ಅಂತ. ಅಣ್ಣ ಎರಡು ವರ್ಷದಿಂದ ಸಭೆಗೆ, ಅಂದ್ರೆ ಚರ್ಚಿಗೆ, ಬರ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತು. ಅಮ್ಮ ಏನೂ ಹೇಳಲಿಲ್ಲ. ಅವತ್ತಿಂದ ರಾತ್ರಿ ನಿದ್ದೆ ಇಲ್ಲ ಅವಳಿಗೆ, ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯ ತೆಗೆದು ಇಟ್ಕೊಂಡು ಕೂತಿರ್ತಾಳೆ, ಮರಣವಾಗಲಿ ಜೀವವಾಗಲಿ ಯಾವುದೂ ದೇವರ ಪ್ರೀತಿಯಿಂದ ನಮ್ಮನ್ನ ಅಗಲಿಸಲಾರದು ಅನ್ನೋ ಮಾತಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಎಳೆದು ಆ ಜಾಗ ತೆಳ್ಳಗಾಗಿದೆ, ಇನ್ನೊಂದು ಸಲ ಎಳೆದ್ರೆ ಪೇಪರ್ ಹರಿಯುತ್ತೆ. ನಾನೂ ದೊಡ್ಡ ನಂಬಿಕೆಯವಳೇನಲ್ಲ, ಆದ್ರೆ ಆ ಪ್ರಶ್ನೆ ಕೇಳೋ ಅಧಿಕಾರ ಯಾರಿಗಿದೆಯೋ ಅವರು ಅದನ್ನ ಮಣ್ಣಿನ ದಿನ ಬಂದು ತಾಯಿ ಹತ್ರ ಕೇಳಲ್ಲ ಅಂತ ನನಗೆ ಗೊತ್ತು.

ಕ್ರಿಸ್ಮಸ್ ಆರಾಧನೆಗೆ ಅಮ್ಮ, ನಾನು ಹೋಗಿದ್ವಿ, ಹಿಂದಿನ ಸಾಲಲ್ಲಿ ಕೂತು ಮುಗಿಯೋ ಮುಂಚೆ ಎದ್ದು ಬಂದ್ವಿ. ಕತ್ತಲಲ್ಲಿ ನಡೆಯುತ್ತಿದ್ದ ಜನರಿಗೆ ದೊಡ್ಡ ಬೆಳಕು ಕಾಣಿಸಿತು ಅಂತ ಯೆಶಾಯನ ಪುಸ್ತಕದಿಂದ ಓದಿದ್ರು. ಚಿಕ್ಕವಯಸ್ಸಿಂದ ಕೇಳಿದ ವಚನ, ಈ ಸಲ ಮಾತ್ರ ಒಳಗೆ ಏನೋ ಸಿಟ್ಟು, ಯಾರಿಗಪ್ಪ ಕಾಣಿಸ್ತು ಅಂತ. ಮನೆಗೆ ಬಂದು ಬೈಬಲಿನ 88ನೇ ಕೀರ್ತನೆ ಓದಿದೆ. ಬೇರೆ ದುಃಖದ ಕೀರ್ತನೆಗಳು ಕೊನೆಗೆ ಬಂದಾಗ ಹೇಗೋ ತಿರುಗಿ ಸ್ತುತಿ ಕಡೆ ಹೋಗ್ತವೆ, ಇದು ಹೋಗಲ್ಲ. 18 ವಚನ, ಇಬ್ರಿಯ (ಹೀಬ್ರೂ) ಮೂಲದಲ್ಲಿ ಕಟ್ಟಕಡೆಯ ಪದವೇ ಕತ್ತಲೆ. ಅಲ್ಲಿಗೆ ಮುಗೀತು. ಇದನ್ನ ಯಾರೂ ಸರಿ ಮಾಡಲಿಲ್ಲ, ಕೊನೆಗೊಂದು ಹಲ್ಲೆಲೂಯ ಅಂಟಿಸಲಿಲ್ಲ, ಹಾಗೇ ಬೈಬಲ್ ಒಳಗೆ ಇಟ್ಟಿದ್ದಾರೆ. ವಿಚಿತ್ರ ಅಂದ್ರೆ ಆ 39 ದಿನದಲ್ಲಿ ನನಗೆ ಮೊದಲು ಸ್ವಲ್ಪ ಬೆಳಕು ಅಂತ ಅನ್ನಿಸಿದ್ದು ಆ ಕತ್ತಲೆ ಕೀರ್ತನೆಯಿಂದಲೇ, ಹೀಗೂ ಪ್ರಾರ್ಥನೆ ಮಾಡಬಹುದು, ಹೀಗೆ ಮಾಡಿದವನ ಮಾತನ್ನೂ ದೇವರು ತನ್ನ ಪುಸ್ತಕದಲ್ಲಿ ಸೇರಿಸ್ಕೊಂಡಿದ್ದಾನೆ ಅಂತ.

ಇವತ್ತು ಬೆಳಿಗ್ಗೆ ಚರ್ಚಲ್ಲಿ ಕರ್ತನ ಭೋಜನ ಇತ್ತು, ಯೇಸುವಿನ ಕೊನೇ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು. ಅಪ್ಪನೂ ಬಂದ್ರು, ಅಣ್ಣ ಹೋದಮೇಲೆ ಮೊದಲ ಸಲ. ಪಾಸ್ಟರ್ ಎಂದಿನ ಹಾಗೆ, "ಕರ್ತನಾದ ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡಿ" ಅಂತ ಓದ್ತಾ ಇದ್ರು, ಇದನ್ನ ನಾನು ಎಷ್ಟು ಸಲ ಕೇಳಿದೀನೋ, ಬಾಯಿಪಾಠ, ಇವತ್ತು ಮಾತ್ರ "ರಾತ್ರಿಯಲ್ಲಿ" ಅನ್ನೋ ಪದದಲ್ಲಿ ಕಾಲು ತೊಡರಿ ಬಿದ್ದ ಹಾಗಾಯ್ತು. ಆ ರಾತ್ರಿನೇನಾ? ಎಲ್ಲಾ ಗೊತ್ತಿತ್ತಲ್ವಾ ಅವರಿಗೆ, ಜೊತೆಗೆ ಕೂತವನೇ ಹಿಡಿದು ಕೊಡ್ತಾನೆ ಅಂತ, ನಾಳೆ ಏನಾಗುತ್ತೆ ಅಂತ. ಅದೇ ರಾತ್ರಿ ಸ್ವಲ್ಪ ಹೊತ್ತಿಗೆ ಗೆತ್ಸೇಮನೆ ತೋಟದಲ್ಲಿ ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂತ ಶಿಷ್ಯರ ಹತ್ರ ಹೇಳ್ಕೊಂಡ್ರು. ಅಂದ್ರೆ ಸ್ತೋತ್ರ ಹೇಳಿದ ಬಾಯಿನೂ ಅದೇ, ಸಾಯುವಷ್ಟು ದುಃಖ ಅಂದ ಬಾಯಿನೂ ಅದೇ. ಮೊದಲು ದುಃಖ ಮುಗಿಸ್ಕೋ, ಆಮೇಲೆ ಸ್ತೋತ್ರಕ್ಕೆ ಬಾ ಅಂತ ಏನಿಲ್ಲ. ನಾನು ಇಷ್ಟು ದಿನ ಅದಕ್ಕೇ ಕಾಯ್ತಾ ಇದ್ದೆ, ಇದು ಮುಗೀಲಿ ಆಮೇಲೆ ನೋಡೋಣ ಅಂತ.

ಮಧ್ಯಾಹ್ನ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದೆ. ಬೇಕಂತಲೇ ಇಷ್ಟು ದಿನ ಮುಟ್ಟಿರಲಿಲ್ಲ, ತಮ್ಮನನ್ನೋ ಅಣ್ಣನನ್ನೋ ಕಳ್ಕೊಂಡ ಇಬ್ಬರು ಹೆಣ್ಣುಮಕ್ಕಳ ಕಥೆ, ಯಾರಿಗೆ ಬೇಕು. ಮಾರ್ಥ ಬಂದು ಹೇಳೋದೂ ಮರಿಯ ಬಂದು ಹೇಳೋದೂ ಒಂದೇ ಮಾತು, ಸ್ವಾಮಿ, ನೀನು ಇಲ್ಲಿ ಇದ್ದಿದ್ರೆ ಇವನು ಸಾಯ್ತಿರಲಿಲ್ಲ. ಇಬ್ಬರೂ ಬೇರೆ ಬೇರೆ ಹೊತ್ತಲ್ಲಿ ಬಂದು ಅದೇ ಮಾತು ಹೇಳ್ತಾರೆ ಅಂದ್ರೆ ನಾಲ್ಕು ದಿನದಿಂದ ಆ ಮನೇಲಿ ಅದೇ ಮಾತು ಓಡಾಡ್ತಾ ಇತ್ತು ಅಂತಲೇ ಅರ್ಥ, ನಮ್ಮನೇಲೂ ಅದೇ, ಇನ್ನರ್ಧ ಗಂಟೆ ಮುಂಚೆ ಹೊರಟಿದ್ರೆ, ಅವತ್ತು ನಾನು ಮನೇಲಿ ಇದ್ದಿದ್ರೆ. ಯೇಸುಸ್ವಾಮಿ ಅವರಿಬ್ಬರನ್ನೂ ಹಾಗೆಲ್ಲ ಮಾತಾಡಬೇಡಿ ಅಂತ ಗದರಲಿಲ್ಲ. 35ನೇ ವಚನದಲ್ಲಿ ಅತ್ತುಬಿಟ್ರು. 41ರಲ್ಲಿ ಕಣ್ಣೆತ್ತಿ ತಂದೆಗೆ ಸ್ತೋತ್ರ ಹೇಳ್ತಾರೆ. ನಡುವೆ ಐದೇ ವಚನ, ಕಣ್ಣು ಒರೆಸ್ಕೊಂಡ್ರೋ ಇಲ್ವೋ ಅದನ್ನೂ ಬರೆದಿಲ್ಲ. ಅವರ ಆ ಸತ್ತ ಸಹೋದರ ಲಾಜರ ಇನ್ನೂ ಜೀವ ಬಂದು ಸಮಾಧಿಯಿಂದ ಹೊರಗೆ ಬಂದಿರಲಿಲ್ಲ ಆಗ.

ಸರಿ, ಲಾಜರ ಬಂದ. ನಮ್ಮ ಅಣ್ಣ ಬರಲಿಲ್ಲ. ಅದನ್ನ ಮುಚ್ಚಿಟ್ಟು ಮುಂದೆ ಹೋಗೋಕೆ ನನಗೆ ಇಷ್ಟ ಇಲ್ಲ. "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ" ಅಂತ ಥೆಸಲೋನಿಕದವರಿಗೆ ಬರೆದಿದೆಯಲ್ಲ, ಅಲ್ಲಿ ಎಲ್ಲಾದಕ್ಕೂ ಅಂತಿಲ್ಲ, ಎಲ್ಲಾದರಲ್ಲಿ ಅಂತಿದೆ, ಅದು ನನಗೆ ಉಸಿರಾಡೋಕೆ ಸ್ವಲ್ಪ ಜಾಗ ಕೊಡ್ತು, ಅವನ ಸಾವಿಗಾಗಿ ನಾನು ಥ್ಯಾಂಕ್ಸ್ ಹೇಳಬೇಕಿಲ್ಲ. ಆದ್ರೆ ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಅಂತಲೂ ಇದೆ, ಸುಳ್ಳು ಯಾಕೆ ಹೇಳಲಿ, ಅದು ಇನ್ನೂ ಗಂಟಲಲ್ಲೇ ನಿಂತಿದೆ, ಒಳಗೆ ಇಳೀತಿಲ್ಲ. ಇಳಿಯೋವರೆಗೆ ಇರಲಿ ಬಿಡು.

ಒಂದು ನೋಟ್‌ಬುಕ್ ಇಟ್ಟಿದ್ದೆ, ದಿನಕ್ಕೊಂದು ಸ್ತೋತ್ರ ಬರೆಯೋಣ ಅಂತ, ಹೊಸ ವರ್ಷದ ದಿನ ಶುರು ಮಾಡಿದ್ದು. ಜನವರಿ 1, 2, 3 ಮೂರೂ ದಿನ "ಏನೂ ಇಲ್ಲ" ಅಂತ ಬರೆದಿದೀನಿ. 4ನೇ ತಾರೀಕು "ಅಮ್ಮ ಇವತ್ತು ತಲೆ ಬಾಚಿಕೊಂಡಳು". 9ಕ್ಕೆ "ಅವನ ಫ್ರೆಂಡ್ ಫೋನ್ ಮಾಡಿ ಅವನು ಕಾಲೇಜಲ್ಲಿ ಮಾಡಿದ ಒಂದು ತರಲೆ ಹೇಳಿದ, ನನಗೆ ಗೊತ್ತಿರಲಿಲ್ಲ". ಇದನ್ನ ಬರೆಯುವಾಗ ಹೊಳೆಯಿತು, ಅವನ ಬಗ್ಗೆ ಹೊಸದಾಗಿ ಏನೂ ಸಿಗಲ್ಲ ಅಂದ್ಕೊಂಡಿದ್ದೆ, ಆದ್ರೆ ಬೇರೆಯವರ ಹತ್ರ ಅವನು ಇನ್ನೂ ಸ್ವಲ್ಪ ಸ್ವಲ್ಪ ಉಳಿದಿದಾನೆ, ಕೇಳಿ ತಗೋಬಹುದು. 10, 11 ಮತ್ತೆ ಖಾಲಿ. ಹಾಗೇ.

ಇವತ್ತು ರಾತ್ರಿ ಒಂಬತ್ತೂವರೆ ಸುಮಾರಿಗೆ ಅವನ ರೂಮಿನ ಬಲ್ಬು ಹೋಯ್ತು. 39 ದಿನ ಹಗಲೂ ರಾತ್ರಿ ಉರಿದು ಫಟ್ ಅಂತ ಒಂದು ಸಣ್ಣ ಸದ್ದು, ಕತ್ತಲೆ. ಅಮ್ಮ ಹಾಲಲ್ಲಿ ಕೂತಿದ್ದವಳು ಆ ಕಡೆ ತಿರುಗಿ ನೋಡಿ ಹಾಗೇ ಕೂತುಬಿಟ್ಲು, ಅಳಲೂ ಇಲ್ಲ. ನನಗೆ ಏನು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ಅಪ್ಪ ಎದ್ರು. ನಾನಂದ್ಕೊಂಡೆ ಇನ್ನು ಮುಗೀತು, ಹೋಗಲಿ ಬಿಡಿ ಅಂತಾರೆ ಅಂತ. ಅವರು ಕಪಾಟಲ್ಲಿ ಹುಡುಕಿ ಹೊಸ ಬಲ್ಬು ತೆಗೆದು, ಸ್ಟೂಲು ಎಳ್ಕೊಂಡು ಹೋಗಿ, "ಬಾ, ಮೊಬೈಲ್ ಟಾರ್ಚ್ ಹಿಡಿ" ಅಂತ ನನ್ನ ಕರೆದ್ರು. ಅಪ್ಪನ ಕೈ ನಡುಗ್ತಾ ಇತ್ತು, ಎರಡು ಸಲ ತಪ್ಪಿತು, ಮೂರನೇ ಸಲ ಕೂತ್ಕೊಂಡ್ತು. ಲೈಟು ಬಂದ ಮೇಲೂ ಸ್ಟೂಲಿಂದ ಇಳೀಲಿಲ್ಲ, ಮೇಲೇ ನಿಂತು ರೂಮೆಲ್ಲ ನೋಡಿದ್ರು, ಮಂಚ, ಶರ್ಟು ನೇತುಹಾಕಿದ ಮೊಳೆ, ಗೋಡೆ. ಅಪ್ಪ ಆ ರೂಮಿಗೆ ಬೆಳಕಿದ್ದಾಗ ಒಳಗೆ ಹೋಗಿದ್ದು ಅವತ್ತಿಂದ ಇದೇ ಮೊದಲು ಅಂತ ಕಾಣುತ್ತೆ, ಇಷ್ಟು ದಿನ ಬಾಗಿಲಿಂದಲೇ ಕೈ ಚಾಚಿ ಸ್ವಿಚ್ ಆರಿಸಿ ಬಂದಿದ್ರು.

ಆಮೇಲೆ ಇಳಿದು ಅಮ್ಮನನ್ನ ಕರೆದ್ರು, "ಬಾ, ಪ್ರೇಯರ್ ಮಾಡೋಣ". ಅಲ್ಲೇ, ಅವನ ರೂಮಲ್ಲೇ ನೆಲದ ಮೇಲೆ ಕೂತ್ವಿ ಮೂರೂ ಜನ. ಅಮ್ಮ ಏನೋ ಹೇಳೋಕೆ ಹೋಗಿ ನಿಲ್ಲಿಸಿದ್ಲು. ನಾನು ಅವನ ಫ್ರೆಂಡ್ ಹೇಳಿದ ಆ ತರಲೆ ಕಥೆ ಹೇಳಿದೆ, ಅಮ್ಮನಿಗೆ ನಗು ಬಂತು, ನಗ್ತಾ ನಗ್ತಾನೇ ಅತ್ಲು, ಸೆರಗಲ್ಲಿ ಮುಖ ಮುಚ್ಕೊಂಡು ಅದೂ ಇದೂ ಎರಡೂ. ಅವನ ಸರದಿ ಬಂತು. ಯಾರೂ ಮಾತಾಡಲಿಲ್ಲ, ಫ್ಯಾನಿನ ಸದ್ದು ಮಾತ್ರ. ಆಮೇಲೆ ಅಪ್ಪ ಕಣ್ಣು ಮುಚ್ಕೊಂಡೇ "36 ವರ್ಷ ಕೊಟ್ಟಿದ್ದಕ್ಕೆ" ಅಂದ್ರು, ಸ್ತೋತ್ರ ಅನ್ನೋ ಪದ ಬಾಯಿಗೆ ಬರಲಿಲ್ಲ, ಅಮ್ಮ ಅದನ್ನ ಮುಗಿಸಿದ್ಲು.

ಈಗ ಇಬ್ರೂ ಮಲಗಿದಾರೆ. ಹೋಗುವಾಗ ಅಪ್ಪ ಫ್ಯಾನ್ ಆಫ್ ಮಾಡಿದ್ರು, ಲೈಟು ಹಾಗೇ ಬಿಟ್ರು.