ದವಡೆಗೂ ಸ್ಕ್ಯಾನಾ?

ಅಲ್ಟ್ರಾಸೌಂಡ್ ಅಂದ್ರೆ ಹೊಟ್ಟೆಗೆ ಮಾತ್ರ ಅಂದ್ಕೊಂಡಿದ್ದೆ ನಾನು, ರಾತ್ರಿ ಹಲ್ಲು ಕಡಿಯೋ ಚಾಳಿಗೆ ಡಾಕ್ಟ್ರು ಕೆನ್ನೆಗೇ ಜೆಲ್ ಹಚ್ಚಿಸಿದ್ರು ನೋಡಿ! ಅಗಿಯೋಕೆ ಬಳಸೋ ಮುಖ್ಯ ಸ್ನಾಯು ಮ್ಯಾಸೆಟರ್, ಕೆನ್ನೆ ಮೂಳೆಯಿಂದ ದವಡೆ ಮೂಲೆ ತನಕ ಇರತ್ತೆ, ಹಲ್ಲು ಕಚ್ಚಿದ್ರೆ ಕೈಗೇ ಉಬ್ಬು ಸಿಗತ್ತೆ. ಸ್ಕ್ಯಾನ್‌ನಲ್ಲಿ ಇದರ ದಪ್ಪಾನ ಮೊದ್ಲು ಸಡಿಲ ಬಿಟ್ಟು ಒಂದ್ಸಲ, ಆಮೇಲೆ ಗಟ್ಟಿಯಾಗಿ ಕಚ್ಚಿಸಿ ಇನ್ನೊಂದ್ಸಲ ಅಳೀತಾರೆ, ಕಚ್ಚಿದಾಗ ದಪ್ಪ ಜಾಸ್ತಿ ಬರತ್ತೆ. ದೊಡ್ಡೋರಲ್ಲಿ ಸುಮಾರು 1 ಸೆಂ.ಮೀ. ಆಸುಪಾಸು, ಗಂಡಸ್ರಿಗೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಮಜಾ ಏನಂದ್ರೆ ಪ್ರೋಬ್ (ಕೆನ್ನೆ ಮೇಲೆ ಇಡೋ ಸ್ಕ್ಯಾನ್ ಹಿಡಿ) ಜೋರಾಗಿ ಒತ್ತಿದ್ರೆ ಸ್ನಾಯು ಚಪ್ಪಟೆಯಾಗಿ ಲೆಕ್ಕನೇ ತಪ್ಪತ್ತೆ, ಅದಕ್ಕೇ ಜೆಲ್ ಧಾರಾಳವಾಗಿ ಹಾಕಿ, ಹಗುರವಾಗಿ ಇಟ್ಟು, ಎರಡ್ಮೂರು ಸಲ ಅಳತೆ ತಗೊಂಡು ಸರಾಸರಿ ಮಾಡೋದು. ರೇಡಿಯೇಷನ್ ಇಲ್ಲ, ನೋವಂತೂ ಇಲ್ವೇ ಇಲ್ಲ, ಆದ್ರೆ ಕಿವಿ ಸಂದಿಗೆ ಹೋದ ಜೆಲ್ ಮಾತ್ರ ಮನೆಗೆ ಬಂದು ತೊಳೆದ್ರೂ ಅಂಟಂಟು!