ಇಸಿಎಚ್‌ಎಸ್ ಫೈಲು ಡಿಜಿಟಲ್ ಆಗುವಾಗ ಎಡವುವುದು ಎಲ್ಲಿ?

ಬೆಂಗಳೂರಿನಲ್ಲಿ ನೆಲೆಸಿರುವ ಮಾಜಿ ಸೈನಿಕರ ಆರೋಗ್ಯ ದಾಖಲೆ ಸಾಮಾನ್ಯವಾಗಿ ಮೂರು ಕಡೆ ಹಂಚಿಹೋಗಿರುತ್ತದೆ. ಸೇವೆಯಲ್ಲಿದ್ದಾಗಿನದು ಸೇನೆಯ ಬಳಿ, ನಿವೃತ್ತಿಯ ನಂತರದ್ದು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ, ಆಪರೇಷನ್ನಿನದು ಕಮಾಂಡ್ ಆಸ್ಪತ್ರೆಯಲ್ಲೋ ಎಂಪ್ಯಾನೆಲ್ ಆದ (ಯೋಜನೆಯ ಪಟ್ಟಿಯಲ್ಲಿರುವ) ಖಾಸಗಿ ಆಸ್ಪತ್ರೆಯಲ್ಲೋ. 2003ರಲ್ಲಿ ಇಸಿಎಚ್‌ಎಸ್ ಶುರುವಾದಾಗಿನಿಂದ ಇವುಗಳ ನಡುವೆ ಫೈಲು ಹೊತ್ತು ತಿರುಗಿದವರು ರೋಗಿಗಳೇ. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ 'ಆಭಾ'ದಿಂದ ಇವನ್ನು ಒಂದೆಡೆ ತರಲು ದಾರಿಯೇನೋ ಆಗಿದೆ. ಎಡವುವುದು ತಂತ್ರಜ್ಞಾನದಲ್ಲಲ್ಲ, ಹೆಸರಿನಲ್ಲಿ.

ಡಿಸ್ಚಾರ್ಜ್ ಬುಕ್ಕಿನಲ್ಲಿ 'ಮಂಜುನಾಥ್ ಕೆ ಆರ್', ಆಧಾರ್‌ನಲ್ಲಿ 'ಮಂಜುನಾಥ', ಆಸ್ಪತ್ರೆಯ ಕಂಪ್ಯೂಟರಿನಲ್ಲಿ 'ಕೆ ಆರ್ ಮಂಜುನಾಥ್'. ನಮ್ಮ ಇನಿಷಿಯಲ್ ಪದ್ಧತಿಗೆ ಮೊದಲ ಹೆಸರು, ಕೊನೆಯ ಹೆಸರು ಎಂಬ ಖಾನೆಗಳು ಒಗ್ಗುವುದೇ ಇಲ್ಲ. ಆಭಾಗೆ ಹೆಸರು, ಲಿಂಗ, ಹುಟ್ಟಿದ ದಿನ ಬರುವುದು ಆಧಾರ್‌ನಿಂದ. ಹಳೆಯ ದಾಖಲೆ ಹುಡುಕುವಾಗ ಆಸ್ಪತ್ರೆಯ ಸಾಫ್ಟ್‌ವೇರ್ ಮೊಬೈಲ್ ನಂಬರ್, ಹೆಸರು, ಲಿಂಗ, ಹುಟ್ಟಿದ ವರ್ಷ ತಾಳೆ ನೋಡುತ್ತದೆ. ಅಡ್ಮಿಟ್ ಮಾಡುವಾಗ ಅವಸರದಲ್ಲಿ ಮಗನ ನಂಬರ್ ಕೊಟ್ಟಿದ್ದರೆ, ಆಭಾದಲ್ಲಿ ತಂದೆಯ ನಂಬರ್ ಇದ್ದರೆ, 'ದಾಖಲೆ ಸಿಗಲಿಲ್ಲ' ಎಂದು ಬರುತ್ತದೆ. ಹಾಗಾಗಿ ಮೊದಲು ಆಧಾರ್, ಇಸಿಎಚ್‌ಎಸ್ ಕಾರ್ಡ್, ಪಿಪಿಒ (ಪಿಂಚಣಿ ಆದೇಶ ಪತ್ರ) ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ಸರಿಮಾಡಿಸಿ. ಆಮೇಲೆ ಆಧಾರ್‌ಗೆ ಜೋಡಿಸಿದ ಮೊಬೈಲಿನ ಒಟಿಪಿಯಿಂದ ಆಭಾ ಮಾಡಿಸಿ. ಕೊನೆಗೆ ಪ್ರತಿ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಅದೇ ಮೊಬೈಲ್ ನಂಬರ್ ಹಾಕಿಸಿ, ಹಳೆಯ ಯುಎಚ್‌ಐಡಿಗೆ (ಆಸ್ಪತ್ರೆ ಕೊಟ್ಟ ರೋಗಿ ಸಂಖ್ಯೆಗೆ) ಆಭಾ ಜೋಡಿಸಲು ಹೇಳಿ. ಹೊಸ ಯುಎಚ್‌ಐಡಿ ತೆರೆಯಲು ಬಿಡಬೇಡಿ. ತೆರೆದರೆ ಒಬ್ಬರೇ ಇಬ್ಬರಾಗುತ್ತಾರೆ.

ಇನ್ನು ಸೇವೆಯ ಕಾಲದ ದಾಖಲೆ. ಮಾಜಿ ಸೈನಿಕರ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಇದೇ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಸೇವೆಯಿಂದ ಬಿಡುಗಡೆಯಾಗುವಾಗ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡಿನ ಎಎಫ್‌ಎಂಎಸ್‌ಎಫ್-16 ನಮೂನೆಯ ಪ್ರತಿ ಇದ್ದರೆ ಮೊದಲು ಅದನ್ನು ಸ್ಕ್ಯಾನ್ ಮಾಡಿ. ಅದರಲ್ಲಿ 'ಶೇಪ್' ವರ್ಗೀಕರಣ ಇರುತ್ತದೆ: ಮನಸ್ಸು, ಕಿವಿ, ಕೈಕಾಲು, ದೈಹಿಕ ಸಾಮರ್ಥ್ಯ, ಕಣ್ಣು. 'ಪಿ2' (ದೈಹಿಕ ಸಾಮರ್ಥ್ಯದ ಎರಡನೇ ದರ್ಜೆ) ಎಂದರೇನೆಂದು ಖಾಸಗಿ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಗೊತ್ತಿರಬೇಕಿಲ್ಲ, ಅವರ ಸಾಫ್ಟ್‌ವೇರಿನಲ್ಲಿ ಅದಕ್ಕೆ ಖಾನೆಯೂ ಇರುವುದಿಲ್ಲ. ಆದ್ದರಿಂದ ಕಾಯಿಲೆಯ ಹೆಸರನ್ನೇ ಬಿಡಿಸಿ ಬರೆಯಬೇಕು.

ಒಂದು ಉದಾಹರಣೆ: ಮೈಯಲ್ಲಿ ಉಳಿದುಹೋದ ಸ್ಪ್ಲಿಂಟರ್, ಅಂದರೆ ಸಿಡಿಗುಂಡಿನ ಚೂರು. ಗಾಯ ಮಾಗಿ ದಶಕಗಳಾಗಿರುತ್ತವೆ, ಮನೆಯವರಿಗೂ ಮರೆತಿರುತ್ತದೆ. ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಮರೆವಿಲ್ಲ. ಕಣ್ಣಿನ ಬಳಿಯೋ ಬೆನ್ನುಹುರಿಯ ಬಳಿಯೋ ಕಬ್ಬಿಣದ ಚೂರಿದ್ದರೆ ಅದು ಜರುಗಬಹುದು, ಬಿಸಿಯಾಗಬಹುದು. 'ಲೋಹದ ಚೂರು, ಎಡ ತೊಡೆ, ಇಂಥ ವರ್ಷ' ಎಂಬ ಒಂದು ಸಾಲು ದಾಖಲೆಯ ತಲೆಯಲ್ಲೇ, ಅಲರ್ಜಿಯ ಪಕ್ಕದಲ್ಲೇ ಇರಬೇಕು. ಪೇಸ್‌ಮೇಕರ್, ಸ್ಟೆಂಟ್ ಇದ್ದರೆ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಇರುವ ಕಾರ್ಡ್ ಅಥವಾ ಸ್ಟಿಕ್ಕರಿನ ಪ್ರತಿಯೂ ಅಲ್ಲೇ ಇರಲಿ.

ಸ್ಕ್ಯಾನಿಂಗ್ 300 ಡಿಪಿಐ ಸಾಕು. ಒಂದು ಅಡ್ಮಿಷನ್ನಿಗೆ ಒಂದೇ ಪಿಡಿಎಫ್, ಫೈಲಿನ ಹೆಸರು ವರ್ಷದಿಂದ ಶುರುವಾಗಲಿ. ಥರ್ಮಲ್ ಕಾಗದದ ಇಸಿಜಿ ಮಾಸಿಹೋಗುತ್ತದೆ, ಬಂದ ದಿನವೇ ಸ್ಕ್ಯಾನ್ ಮಾಡಿ. ಸಿಟಿ, ಎಂಆರ್‌ಐ ಆದರೆ ಫಿಲ್ಮಿನ ಫೋಟೋ ಪ್ರಯೋಜನಕ್ಕಿಲ್ಲ, ಯಂತ್ರದ ಮೂಲ ಚಿತ್ರಗಳಿರುವ ಡೈಕಾಮ್ ಫೈಲುಗಳನ್ನೇ ಕೇಳಿ ಪಡೆಯಿರಿ.

ಔಷಧಿ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧದ ಹೆಸರೂ ಮಿಲಿಗ್ರಾಂ ಪ್ರಮಾಣವೂ ಇರಲೇಬೇಕು. ಆಸ್ಪತ್ರೆ ಬರೆದ ಬ್ರ್ಯಾಂಡ್ ಪಾಲಿಕ್ಲಿನಿಕ್‌ನಲ್ಲಿ ಇರದಿದ್ದರೆ ಬೇರೆ ಕಂಪನಿಯದು ಸಿಗುತ್ತದೆ. ಮನೆಯಲ್ಲಿ ಹಳೆಯದೂ ಇರುತ್ತದೆ. ಎರಡೂ ಟೆಲ್ಮಿಸಾರ್ಟಾನ್ ಎಂದು ತಿಳಿಯದೆ ಎರಡನ್ನೂ ನುಂಗಿದರೆ ಬಿಪಿ ಇಳಿದು ತಲೆ ಸುತ್ತಿ ಬೀಳುವ ಅಪಾಯ.

ಆಸ್ಪತ್ರೆಗಳ ಕಡೆಯ ಕೊರತೆಯನ್ನೂ ಹೇಳಲೇಬೇಕು. ಮಿಷನ್ನಿನ ನಿಯಮ ಎಫ್‌ಎಚ್‌ಐಆರ್ ಮಾದರಿ (ಕಂಪ್ಯೂಟರುಗಳು ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಸಾಮಾನ್ಯ ರೂಪ) ಕೇಳುತ್ತದಾದರೂ ಅದರೊಳಗೆ ಪಿಡಿಎಫ್ ತುರುಕಲು ಅವಕಾಶವಿದೆ. ಪಿಡಿಎಫ್ ಆಗಿ ಬಂದ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಅಂಕಿಯಿಂದ ಐದು ವರ್ಷದ ಏರಿಳಿತದ ಗೆರೆ ತಾನಾಗಿ ಮೂಡುವುದಿಲ್ಲ. ಎಲ್ಲವನ್ನೂ ಒಮ್ಮೆಲೇ ಕಂಪ್ಯೂಟರ್ ಓದುವಂತೆ ಕೋಡ್ ಮಾಡಲು ಹೊರಟರೆ ಮುಗಿಯದು. ಅಲರ್ಜಿ, ಔಷಧಿ, ದೇಹದಲ್ಲಿರುವ ಲೋಹ, ಲ್ಯಾಬ್ ಅಂಕಿ ಈ ನಾಲ್ಕನ್ನು ಮೊದಲು ಮಾಡಿ, ಉಳಿದದ್ದು ಸದ್ಯಕ್ಕೆ ಪಿಡಿಎಫ್ ಆಗಿಯೇ ಇರಲಿ.

ಮನೋರೋಗ ಚಿಕಿತ್ಸೆಯ ಕಾಗದ ಬೇರೆಯವರ ಕಣ್ಣಿಗೆ ಬೀಳುತ್ತದೆಂದು ಆಭಾ ಬೇಡವೆನ್ನುವವರೂ ಇದ್ದಾರೆ. ಆದರೆ ದಾಖಲೆ ನೋಡಲು ಆಸ್ಪತ್ರೆ ಕೇಳುವ ಒಪ್ಪಿಗೆಯ ವಿನಂತಿ ಮೊಬೈಲಿನ ಆಭಾ ಆ್ಯಪಿಗೆ ಬಂದಾಗ ಕಣ್ಣುಮುಚ್ಚಿ ಒತ್ತದೆ ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಒಪ್ಪಿಗೆ ಯಾವಾಗ ಮುಗಿಯುತ್ತದೆ ಎಂಬ ಮೂರನ್ನೂ ನೋಡಿ ಬದಲಿಸಬಹುದು. ಕೊಟ್ಟ ಒಪ್ಪಿಗೆಯನ್ನು ಆಮೇಲೆ ಅದೇ ಆ್ಯಪಿನಲ್ಲಿ ಹಿಂಪಡೆಯಲೂಬಹುದು.